ದೋಣಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೊದಲು ಟ್ಯಾಂಕ್ ನೋಡಿ

ಕರಾವಳಿಯ ಕೇಳುಗರಿಗೆಲ್ಲ ನಮಸ್ಕಾರ.

ನಾಡದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಮೀನಿಗೆ ಹೋಗುವವರಿಗಾಗಿ ಇವತ್ತಿನ ಮಾತು. ಹಗ್ಗ ಎಷ್ಟು ಎಳೆದರೂ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ. ಏನು ಮಾಡುವುದು? ನನ್ನ ಉತ್ತರ ಒಂದೇ: ಟ್ಯಾಂಕಿನಿಂದ ಶುರು ಮಾಡಿ. ಎಂಜಿನ್ ಮುಚ್ಚಳ ತೆಗೆಯಬೇಡಿ, ಸ್ಪ್ಯಾನರ್ ಮುಟ್ಟಬೇಡಿ. ನೀರಿನ ಮೇಲಿದ್ದರೆ ಲಂಗರು ಹಾಕಿ, ಆಮೇಲೆ ಟ್ಯಾಂಕ್ ನೋಡಿ.

ಗಂಗೊಳ್ಳಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಐದು ನದಿ ಒಟ್ಟಾಗಿ ಕಡಲು ಸೇರುವ ಅಳಿವೆ ಅದು. ಇಳಿತದ ಹೊತ್ತಿಗೆ ಅಲ್ಲಿನ ಸೆಳೆತ ಎಂಥದ್ದೆಂದು ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಮುಂಜಾನೆ ಒಂದು ದೋಣಿ ಹೊರಟಿತು. ದಡದಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆದ ಪೆಟ್ರೋಲ್ ಎಂಜಿನ್, ಅಳಿವೆ ಬಾಯಿ ಮುಟ್ಟುವಷ್ಟರಲ್ಲಿ ನಿಂತೇಬಿಟ್ಟಿತು. ಮತ್ತೆ ಎಳೆದರು, ಇಲ್ಲ. ಒಬ್ಬರ ಕೈ ಸೋತಾಗ ಇನ್ನೊಬ್ಬರು ಎಳೆದರು, ಆಗಲೂ ಇಲ್ಲ. ದೋಣಿ ಕಲ್ಲಿನ ತಡೆಗೋಡೆಯತ್ತ ಸರಿಯತೊಡಗಿತು. ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬರೇಟರ್‌ನಲ್ಲಿ ಕಸ ಸಿಕ್ಕಿದೆ ಎಂದು ತಾವೇ ತೀರ್ಮಾನಿಸಿ, ದೋಣಿ ಹೊಯ್ದಾಡುತ್ತಿರುವಾಗಲೇ ಅದನ್ನು ಬಿಚ್ಚಿದರು. ಅದರೊಳಗೆ ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ ಇರುತ್ತದಲ್ಲ, ಕಿರುಬೆರಳಿನ ಉಗುರಿನಷ್ಟು ಸಣ್ಣದು, ಅದು ಕೈಜಾರಿ ನೀರುಪಾಲಾಯಿತು. ಅಲ್ಲಿಯವರೆಗೆ ಚೆನ್ನಾಗಿದ್ದ ಎಂಜಿನ್ ಆಗ ನಿಜಕ್ಕೂ ಕೆಟ್ಟಿತು! ಹಿಂದೆ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದರು.

ದಡದಲ್ಲಿ ನಾನು ಮೊದಲು ನೋಡಿದ್ದು ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು. ಚಪ್ಪಟೆಯಾಗಿ ಕೂತಿತ್ತು, ಹಿಚುಕಿ ಬಿಟ್ಟರೂ ಮೇಲೇಳಲಿಲ್ಲ. ಟ್ಯಾಂಕ್ ಮುಚ್ಚಳದ ಮೇಲಿನ ಗಾಳಿ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿದೆ. ಸುಯ್ಯೆಂದು ಗಾಳಿ ಒಳಹೋಯಿತು, ಬಲ್ಬ್ ಉಬ್ಬಿ ಎದ್ದಿತು. ರಾತ್ರಿ ಮಳೆನೀರು ಇಳಿಯದಿರಲೆಂದು ಸ್ಕ್ರೂ ಬಿಗಿದಿದ್ದರು. ಬಿಗಿದದ್ದು ಸರಿಯೇ, ಆದರೆ ಬೆಳಿಗ್ಗೆ ಯಾರೂ ಬಿಚ್ಚಿರಲಿಲ್ಲ. ಎಣ್ಣೆ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಸರಾಗ ಸುರಿಯುತ್ತದೆಯೇ? ಎದುರು ಬದಿಗೆ ಇನ್ನೊಂದು ತೂತು ಬೇಕು. ಟ್ಯಾಂಕೂ ಹಾಗೆಯೇ. ಎರಡು ಸುತ್ತಿನ ಕೆಲಸಕ್ಕೆ ಇಡೀ ದಿನದ ಮೀನುಗಾರಿಕೆ ಹೋಯಿತು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಟ್ಯಾಂಕಿನಿಂದ ಶುರು ಮಾಡಿ.

ಸ್ಕ್ರೂ ಬಿಚ್ಚಿದ ಮೇಲೆ ಬಲ್ಬ್ ಹಿಚುಕಿ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಲ್ಬ್ ಗಟ್ಟಿಯಾದರೆ ಪೆಟ್ರೋಲ್ ಎಂಜಿನ್‌ವರೆಗೆ ಬಂದಿದೆ ಎಂದರ್ಥ. ಎಷ್ಟು ಹಿಚುಕಿದರೂ ಮೆತ್ತಗೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನಲ್ಲೋ ಜೋಡಣೆಯಲ್ಲೋ ಗಾಳಿ ಸೇರುತ್ತಿದೆ. ತುದಿಯಲ್ಲಿ ಬಿರುಕು ಬಿಟ್ಟ ಪೈಪನ್ನು ದಯವಿಟ್ಟು ದಾರ ಸುತ್ತಿ ಓಡಿಸಬೇಡಿ, ಬದಲಿಸಿ.

ಸೀಮೆಎಣ್ಣೆ ಎಂಜಿನ್ ಇರುವವರೇ, ನಿಮ್ಮದೂ ಟ್ಯಾಂಕಿನ ಕಥೆಯೇ. ಎಂಜಿನ್ ತಣ್ಣಗಿರುವಾಗ ಸೀಮೆಎಣ್ಣೆಗೆ ಸ್ಟಾರ್ಟ್ ಆಗುವುದಿಲ್ಲ, ಪೆಟ್ರೋಲ್‌ನಲ್ಲೇ ಆಗಬೇಕು. ಹಾಗಾಗಿ ಹಿಂದಿನ ದಿನ ದಡ ಹತ್ತಿರವಾಗುತ್ತಿದ್ದಂತೆ ಇಂಧನ ಬದಲಿಸುವ ಕಾಕ್ ತಿರುಗಿಸಿ, ಪೆಟ್ರೋಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿಯೇ ಎಂಜಿನ್ ನಿಲ್ಲಿಸಿ. ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಕಾರ್ಬರೇಟರ್ ತುಂಬ ಅದೇ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಳ್ಳಬೇಕಾಗುತ್ತದೆ.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಎಂಜಿನ್ ನಿಲ್ಲಿಸುವ ಕೆಂಪು ದಾರದ ಕ್ಲಿಪ್ ಅದರ ಜಾಗದಲ್ಲಿದೆಯೇ ನೋಡಿ, ಅದು ಕಳಚಿದ್ದರೆ ಕಿಡಿಯೇ ಬರುವುದಿಲ್ಲ. ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ಮಾತ್ರ ಕಿಡಿ ಹಾರಿಸುವ ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ, ಕಪ್ಪು ಹಿಡಿದಿದ್ದರೆ ಹೊಸದು ಹಾಕಿ. ಪೆಟ್ರೋಲ್ ವಾಸನೆ ಹೊಡೆಯುತ್ತಿರುವಾಗ ಕಿಡಿ ಪರೀಕ್ಷೆಗೆ ಹೋಗಲೇಬೇಡಿ, ಬೀಡಿಯನ್ನೂ ಹಚ್ಚಬೇಡಿ.

ಹೊಸ ಪ್ಲಗ್ ಒಂದು ಮತ್ತು ಪ್ಲಗ್ ಸ್ಪ್ಯಾನರ್ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸದಾ ದೋಣಿಯಲ್ಲಿರಲಿ. ಲೈಫ್ ಜಾಕೆಟ್ ಮೈಮೇಲಿರಲಿ. ಲಂಗರು ಹಿಡಿಯದೆ ದೋಣಿ ತೇಲಿಹೋಗುತ್ತಿದ್ದರೆ ಹಗ್ಗ ಎಳೆಯುತ್ತ ಕೂರಬೇಡಿ, ಕೂಡಲೇ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಿ. ನಮಸ್ಕಾರ.