ಎಣ್ಣೆ ಡ್ರಮ್ಮಿನ ಸಂಗೀತ, ಸಮುದ್ರದೊಳಗಿನ ಗುಡಿ: ಟ್ರಿನಿಡಾಡ್ ಕಥೆ

[ಪರದೆ ಕಪ್ಪು. ಕಬ್ಬಿಣದ ಮೇಲೆ ಸುತ್ತಿಗೆ ಬೀಳುವ ಸದ್ದು.]

ಈ ಸದ್ದು ಕೇಳಿಸ್ತಾ? ಯಾವುದೋ ಗ್ಯಾರೇಜ್ ಅಂದ್ಕೊಂಡ್ರಾ? ಅಲ್ಲ. ಇಲ್ಲಿ ಒಂದು ವಾದ್ಯ ತಯಾರಾಗುತ್ತಿದೆ.

[ಹತ್ತಿರದ ದೃಶ್ಯ: ಕಬ್ಬಿಣದ ಡ್ರಮ್ಮಿನ ತಳ, ಅದರ ಮೇಲೆ ಸುತ್ತಿಗೆ ಹಿಡಿದ ಕೈ.]

ಇದು ಎಣ್ಣೆ ತುಂಬುವ ಡ್ರಮ್. ನಮ್ಮಲ್ಲಾದರೆ ಕಟ್ಟಡ ಕಟ್ಟುವ ಕಡೆ ನೀರು ತುಂಬಿಡುತ್ತೇವೆ. ಟ್ರಿನಿಡಾಡ್‌ನಲ್ಲಿ ಇದನ್ನು ಬೋರಲು ಹಾಕಿ, ತಳವನ್ನು ಬಡಿದು ಬಡಿದು ಬಾಣಲೆ ಹಾಗೆ ಒಳಕ್ಕೆ ಇಳಿಸುತ್ತಾರೆ. ಅದರೊಳಗೆ ಒಂದೊಂದು ಸ್ವರಕ್ಕೆ ಒಂದೊಂದು ಜಾಗ. ಬೆಂಕಿಯಲ್ಲಿ ಕಾಯಿಸುತ್ತಾರೆ. ಆಮೇಲೆ ಸಣ್ಣ ಸುತ್ತಿಗೆ ಹಿಡಿದು, ಕಿವಿ ಹತ್ತಿರ ಇಟ್ಟು, ಶ್ರುತಿ ಕೂಡಿಸುತ್ತಾರೆ. ಕೋಲಿನ ತುದಿಗೆ ರಬ್ಬರ್ ಸುತ್ತಿ ನುಡಿಸಿದರೆ ಗಂಟೆಯ ಹಾಗೆ, ಆದರೆ ಗಂಟೆಗಿಂತ ಮೆತ್ತಗೆ ಕೇಳುತ್ತೆ.

[ಸ್ಟೀಲ್‌ಪ್ಯಾನ್ ಸಂಗೀತ. ನಂತರ ನಕ್ಷೆ.]

ಇದೇ ಸ್ಟೀಲ್‌ಪ್ಯಾನ್, ಅಲ್ಲಿಯವರ ಬಾಯಲ್ಲಿ ಬರೀ 'ಪ್ಯಾನ್'. ದೇಶದ ಪೂರ್ತಿ ಹೆಸರು ಟ್ರಿನಿಡಾಡ್ ಅಂಡ್ ಟೊಬ್ಯಾಗೊ. ಎರಡು ಮುಖ್ಯ ದ್ವೀಪ, ಹದಿನಾಲ್ಕು ಲಕ್ಷದಷ್ಟು ಜನ. ಕೆರಿಬಿಯನ್ ಸಮುದ್ರದ ದಕ್ಷಿಣ ತುದಿಯಲ್ಲಿದೆ. ವೆನೆಜುವೆಲಾದ ತೀರ ಅಲ್ಲಿಂದ ಬರೀ 11 ಕಿಲೋಮೀಟರ್. 1962ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿತು.

ಡ್ರಮ್ಮೇ ಯಾಕೆ? ಏಕೆಂದರೆ ಚರ್ಮದ ವಾದ್ಯ ಬಾರಿಸಬೇಡಿ ಅಂದಿದ್ದರು!

ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು ಕಾರ್ನಿವಲ್ ಎಂಬ ಬೀದಿ ಹಬ್ಬದ ದಿನ ಪಂಜು ಹಿಡಿದು, ವಾದ್ಯ ಬಾರಿಸುತ್ತಾ ಬೀದಿಗೆ ಇಳಿಯುತ್ತಿದ್ದರು. 1881ರಲ್ಲಿ ಪೊಲೀಸರು ತಡೆಯಲು ಹೋಗಿ ದೊಡ್ಡ ಗಲಾಟೆ ಆಯಿತು. ಅದಾದ ಕೆಲವೇ ವರ್ಷಗಳಲ್ಲಿ ಚರ್ಮದ ವಾದ್ಯಕ್ಕೆ ನಿಷೇಧ ಬಂತು. ಜನ ಬಿದಿರು ಕಡಿದರು. ಉದ್ದ, ಗಿಡ್ಡ ಬೊಂಬುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದಲ್ಲಿ ಬಿಸ್ಕೆಟ್ ಡಬ್ಬ, ಬಣ್ಣದ ಡಬ್ಬ, ಕಸದ ತೊಟ್ಟಿಯ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ವಾದ್ಯವಾಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಣ್ಣೆ ಡ್ರಮ್ಮಿಗೆ ಬಂದು ನಿಂತರು. ಅದು ಕಚ್ಚಾ ತೈಲ ತೆಗೆಯುವ ದೇಶ, ಡ್ರಮ್ಮಿಗೇನು ಬರ?

ಮೊದಮೊದಲು ಪ್ಯಾನ್ ನುಡಿಸುವವರು ಅಂದ್ರೆ ಪುಂಡರು ಅಂತಲೇ ಲೆಕ್ಕ. ಮನೆಯಲ್ಲಿ ಬೈಗುಳ, ಬೀದಿಯಲ್ಲಿ ಪೊಲೀಸ್. ಈಗ ಅದೇ ರಾಷ್ಟ್ರೀಯ ವಾದ್ಯ. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನ ಅಂತ ಘೋಷಿಸಿತು.

[ದೃಶ್ಯ: ಕೆಸರು ಬಣ್ಣದ ಸಮುದ್ರ, ಸಣ್ಣ ಗುಡಿ, ಅದಕ್ಕೆ ಹೋಗುವ ದಾರಿ, ಬಣ್ಣದ ಬಾವುಟಗಳು.]

ಇನ್ನೊಂದು 'ಬೇಡ'ದ ಕಥೆ ವಾಟರ್‌ಲೂ ಎಂಬ ಊರಿನದು.

1845ರ ಮೇ 30ರಂದು ಫತೇಲ್ ರಝಾಕ್ ಎಂಬ ಹಡಗು ಕಲ್ಕತ್ತೆಯಿಂದ ಹೊರಟು ಟ್ರಿನಿಡಾಡ್ ಮುಟ್ಟಿತು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯರಿದ್ದರು. ಕಬ್ಬಿನ ತೋಟದಲ್ಲಿ ಕರಾರಿನ ಮೇಲೆ ದುಡಿಯಲು ಬಂದವರು. 1917ರವರೆಗೆ ಹೀಗೆ ಬಂದವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಬಹುತೇಕರು ಭೋಜ್‌ಪುರಿ ಮಾತಾಡುವ ಸೀಮೆಯವರು. ಅವರಲ್ಲಿ ಒಬ್ಬರು ಶಿವದಾಸ್ ಸಾಧು. 1947ರಲ್ಲಿ ಅವರು ಸಮುದ್ರ ತೀರದಲ್ಲಿ ಒಂದು ಗುಡಿ ಕಟ್ಟಿದರು. ಆದರೆ ಜಾಗ ಸಕ್ಕರೆ ಕಂಪನಿಯದು. ಗುಡಿ ಕೆಡವಿದರು. ಸಾಧುಗೆ ದಂಡ ಹಾಕಿ, 14 ದಿನ ಜೈಲಿಗೂ ಕಳಿಸಿದರು.

ಹೊರಗೆ ಬಂದ ಸಾಧು ಒಂದು ಲೆಕ್ಕ ಹಾಕಿದರು. ನೆಲ ಕಂಪನಿಯದು, ಸರಿ. ಸಮುದ್ರ ಯಾರದು?

ಒಂದು ಸೈಕಲ್, ಒಂದು ಬಕೆಟ್. ನೀರು ಇಳಿದಾಗ ಕಲ್ಲು ಹೊತ್ತು ಹಾಕುವುದು, ಏರಿದಾಗ ಸುಮ್ನೆ ಕಾಯುವುದು. ಜನ ತಲೆ ಕೆಟ್ಟಿದೆ ಅಂದರು. ಇಪ್ಪತ್ತೈದು ವರ್ಷದಷ್ಟು ಕಾಲ ಹೀಗೇ ನಡೀತು. ಅಲೆ ಹೊಡೆದು ಹಾಳಾಗಿದ್ದ ಆ ಗುಡಿಯನ್ನು 1995ರಲ್ಲಿ, ಭಾರತೀಯರು ಬಂದು 150 ವರ್ಷವಾದ ಹೊತ್ತಿಗೆ, ಸರ್ಕಾರದ ನೆರವಿನಿಂದ ಮತ್ತೆ ಕಟ್ಟಿದರು. ನನ್ನ ಕೇಳಿದರೆ ಆ ದೇಶಕ್ಕೆ ಹೋದವರು ಬೀಚ್ ಬಿಟ್ಟರೂ ಈ ಗುಡಿ ಬಿಡಬಾರದು.

[ದೃಶ್ಯ: ಎತ್ತರದ ಹನುಮಂತನ ವಿಗ್ರಹ.]

ಅಲ್ಲಿಂದ ಸ್ವಲ್ಪ ದೂರದಲ್ಲಿ, ಕ್ಯಾರಪಿಚೈಮಾದಲ್ಲಿ, 85 ಅಡಿ ಎತ್ತರದ ಹನುಮಂತ ನಿಂತಿದ್ದಾನೆ. ಆ ದತ್ತಾತ್ರೇಯ ಮಂದಿರ ನಮ್ಮ ಮೈಸೂರಿನ ದತ್ತಪೀಠದ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಬಳಗದ್ದು!

ಕನ್ನಡದ ನಂಟು ಇನ್ನೊಂದಿದೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್ ಮೈದಾನ, 1976, ವೆಸ್ಟ್ ಇಂಡೀಸ್ ವಿರುದ್ಧ ಟೆಸ್ಟ್ ಕ್ರಿಕೆಟ್. ಮೊದಲ ಇನಿಂಗ್ಸ್‌ನಲ್ಲಿ ಚಂದ್ರಶೇಖರ್‌ಗೆ 6 ವಿಕೆಟ್. ಕೊನೆಗೆ ಭಾರತ ಗೆಲ್ಲಲು 403 ಬೇಕು. ಗಾವಸ್ಕರ್ 102, ನಮ್ಮ ಭದ್ರಾವತಿಯ ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಔಟಾಗದೆ 49. ಆರು ವಿಕೆಟ್ ಉಳಿಸಿಕೊಂಡು ಗೆದ್ದರು.

[ವೇಗವಾಗಿ ಬದಲಾಗುವ ದೃಶ್ಯಗಳು.]

ನೋಡುವುದಕ್ಕೆ ಇನ್ನೂ ಬೇಕಾದಷ್ಟಿದೆ. ಲಾ ಬ್ರೇ ಊರಿನಲ್ಲಿ ನೂರು ಎಕರೆಯ ಡಾಂಬರು ಕೆರೆ ಇದೆ, ಅದರ ಮೇಲೆ ನಡೆದಾಡಬಹುದು. ಸಂಜೆ ಕರೋನಿ ಜೌಗಿನಲ್ಲಿ ದೋಣಿ ಹತ್ತಿದರೆ ಕೆಂಪು ಐಬಿಸ್ ಹಕ್ಕಿಗಳು ಹಿಂಡುಗಟ್ಟಿ ಗೂಡಿಗೆ ಮರಳುತ್ತವೆ. ಟೊಬ್ಯಾಗೊದಲ್ಲಿ 1776ರಲ್ಲೇ ಕಾನೂನು ಮಾಡಿ ಉಳಿಸಿದ ಕಾಡಿದೆ.

[ಹತ್ತಿರದ ದೃಶ್ಯ: ಎಣ್ಣೆಯಲ್ಲಿ ಉಬ್ಬುತ್ತಿರುವ ಹಳದಿ ಬಾರಾ.]

ಆದರೆ ಹೊಟ್ಟೆ ಹಸಿದಿದೆ ಅಲ್ವಾ? ಡಬಲ್ಸ್ ತಿನ್ನೋಣ. ಮೈದಾಕ್ಕೆ ಅರಿಶಿನ ಹಾಕಿ, ಹುದುಗಿಸಿ, ಎಣ್ಣೆಯಲ್ಲಿ ಬಿಟ್ಟರೆ ಮೆತ್ತನೆಯ ಬಾರಾ. ನಮ್ಮ ವಡೆಗೆ ಹೆಸರಲ್ಲಿ ನೆಂಟ, ರುಚಿಯಲ್ಲಿ ಅಲ್ಲ. ಎರಡು ಬಾರಾ ಮೇಲೆ ಕಾಬೂಲ್ ಕಡಲೆ ಪಲ್ಯ, ಸೌತೆಕಾಯಿ, ಹುಣಸೆ ಚಟ್ನಿ. ಮೊದಲು ಒಂದೇ ಬಾರಾದಲ್ಲಿ ಕೊಡುತ್ತಿದ್ದರಂತೆ. ಗಿರಾಕಿಗಳು 'ಡಬಲ್ ಮಾಡಿ' ಅಂದು ಅಂದು ಆ ಹೆಸರೇ ನಿಂತಿತು ಅಂತಾರೆ. ಇದರ ಹುಟ್ಟೂರು ಪ್ರಿನ್ಸಸ್ ಟೌನ್, 1930ರ ದಶಕದ ಮಾತು. ಕಾಗದ ಬಿಚ್ಚಿ, ಬಗ್ಗಿ ನಿಂತು ತಿನ್ನಬೇಕು, ಇಲ್ಲಾಂದ್ರೆ ಶರ್ಟ್ ಹಾಳು.

ಹೋಗುವುದಾದರೆ ಕಾರ್ನಿವಲ್‌ಗೆ ಕೆಲವು ವಾರ ಮೊದಲೇ ಹೋಗಿ. ಆಗ ರಾತ್ರಿ ಪ್ಯಾನ್ ಯಾರ್ಡುಗಳಲ್ಲಿ ಅಭ್ಯಾಸ ನಡೆಯುತ್ತಿರುತ್ತೆ. ದೊಡ್ಡ ತಂಡದಲ್ಲಿ ನೂರು ಜನರಿಗೂ ಜಾಸ್ತಿ ಒಟ್ಟಿಗೆ ನುಡಿಸುತ್ತಾರೆ, ನೀವು ಪಕ್ಕದಲ್ಲೇ ನಿಂತು ಕೇಳಬಹುದು. ಕೈಯಲ್ಲಿ ಒಂದು ಡಬಲ್ಸ್ ಇರಲಿ. ಮಾರುವವರು ಖಾರ ಎಷ್ಟು ಅಂತ ಕೇಳಿದರೆ, ನಾವು ಗುಂಟೂರು ಮೆಣಸಿನಕಾಯಿ ತಿಂದವರು ಅನ್ನುವ ಜಂಬ ಬೇಡ. 'ಸ್ಲೈಟ್' ಅನ್ನಿ ಸಾಕು.