ಸುಳಿ ಬಿಡಿಸಿ ನೋಡಿದರೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ನನ್ನ ಹೊಲದ ಗೋವಿನಜೋಳಕ್ಕೆ ಇವತ್ತಿಗೆ 22 ದಿನ. ಬೆಳಿಗ್ಗೆ ಆರೂವರೆಗೆ ಸಾಲಿನ ನಡುವೆ ಇಳಿದರೆ ಎಲೆಯ ಮೇಲಿನ ನೀರಿಗೆ ಪಂಚೆ ಮೊಣಕಾಲಿನವರೆಗೆ ತೊಯ್ದುಹೋಗುತ್ತದೆ. ಹೋದ ಕೂಡಲೇ ಮಾಡುವ ಕೆಲಸ ಒಂದೇ. ಗಿಡದ ಸುಳಿಯನ್ನು ಎರಡು ಬೆರಳಿನಿಂದ ಬಿಡಿಸಿ ಒಳಗೆ ಇಣುಕುತ್ತೇನೆ. ಗೋವಿನಜೋಳ ಎಂದರೆ ಮೆಕ್ಕೆಜೋಳ. ಹಾವೇರಿ ಸೀಮೆಯ ನಮಗೆ ಈ ಹೆಸರೇ ರೂಢಿ. ಸಾವಯವದಲ್ಲಿ ಬೆಳೆಯುತ್ತೇನೆ ಎಂದರೆ ಸಾಕು, ಎಲ್ಲರೂ ಕೇಳುವುದು "ಯಾವ ಕಷಾಯ ಹೊಡೆಯುತ್ತೀರಿ?" ಎಂದು. ಹೊಡೆಯುವ ಮಾತು ಆಮೇಲೆ ಬರಲಿ. ಇವತ್ತು ಹೆಚ್ಚಾಗಿ ಇಣುಕುವ ಬಗ್ಗೆ ಹೇಳುತ್ತೇನೆ.

ಈ ಇಣುಕುವ ಚಟ ನನಗೆ ಹತ್ತಿದ್ದು 2018ರ ಮುಂಗಾರಿನಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮೆಕ್ಕೆಜೋಳದಲ್ಲಿ ಒಂದು ಹೊಸ ಹುಳುವನ್ನು ಗುರುತಿಸಿದರು. ಅಮೆರಿಕ ಖಂಡದ್ದು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡಿತ್ತು. ಎರಡೇ ವರ್ಷಕ್ಕೆ ನಮ್ಮ ಪಕ್ಕದ ಜಿಲ್ಲೆಗೆ ಬಂದಿಳಿದಿತ್ತು. ಏಷ್ಯಾದಲ್ಲಿ ಅದು ಮೊದಲು ಪತ್ತೆಯಾದದ್ದೇ ಇಲ್ಲಿ. ಪುಸ್ತಕದ ಹೆಸರು ಫಾಲ್ ಸೈನಿಕ ಹುಳು. ನಮ್ಮವರು ಲದ್ದಿ ಹುಳು ಎಂದರು. ಸುಳಿಯ ತುಂಬ ಒದ್ದೆ ಮರದ ಹೊಟ್ಟಿನಂತಹ ಲದ್ದಿ ತುಂಬಿಕೊಂಡಿರುವುದನ್ನು ಕಂಡವರಿಗೆ ಬೇರೆ ಹೆಸರು ತೋಚುವುದಿಲ್ಲ.

ಆಗ ನಾನು ಸಾವಯವದವನಲ್ಲ. ಅಂಗಡಿಯಲ್ಲಿ ಏನು ಕೊಟ್ಟರೋ ಅದನ್ನು ತಂದು ಮೂರು ಸಲ ಹೊಡೆದೆ. ಹುಳು ಸಾಯಲಿಲ್ಲ. ಕಾರಣ ಆಮೇಲೆ ತಿಳಿಯಿತು. ದೊಡ್ಡದಾದ ಹುಳು ಸುಳಿಯ ಆಳಕ್ಕೆ ಇಳಿದು, ತನ್ನ ಲದ್ದಿಯನ್ನೇ ಬಿರಡೆಯಂತೆ ಮೇಲೆ ತುರುಕಿಕೊಂಡು ಕೂತಿರುತ್ತದೆ. ಪಂಪಿನ ನೀರು ಅದರ ಮೈಗೆ ತಾಗುವುದೇ ಇಲ್ಲ. ತಾಗಿದ್ದು ಎಲೆಯ ಮೇಲೆ ಓಡಾಡಿಕೊಂಡಿದ್ದ ಜೇಡಕ್ಕೆ, ಗುಲಗಂಜಿ ಹುಳುವಿಗೆ. ನನ್ನ ದುಡ್ಡಿನಲ್ಲಿ ನನ್ನ ಕಾವಲುಗಾರರನ್ನೇ ಕೊಂದುಕೊಂಡಿದ್ದೆ.

ಮೂರನೆಯ ಸಲ ಹೊಡೆಯುವಾಗ ಔಷಧ ಸಾಲದೆ ಹೊಲದ ಒಂದು ಮೂಲೆ ಹಾಗೇ ಉಳಿಯಿತು. ಎಂಟು ಹತ್ತು ದಿನ ಬಿಟ್ಟು ದನಕ್ಕೆ ಮೇವು ಕೊಯ್ಯಲು ಹೋಗಿದ್ದ ಅವ್ವ ಆ ಮೂಲೆಯಿಂದ ಒಂದು ಎಲೆ ಕಿತ್ತು ತಂದಳು. "ಇದೇನೋ, ಹುಳಕ್ಕೆ ಬೂಷ್ಟು ಬಂದಿದೆ" ಎಂದಳು. ಎಲೆಗೆ ಅಂಟಿಕೊಂಡಂತೆ ಸತ್ತಿದ್ದ ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ, ಗಟ್ಟಿಯಾಗಿತ್ತು. ಕಿಟಕಿಯಲ್ಲಿ ಇಟ್ಟೆ. ಎರಡು ದಿನ ಕಳೆಯುವುದರೊಳಗೆ ಆ ಬಿಳುಪಿನ ಮೇಲೆ ತಿಳಿಹಸಿರು ಪುಡಿ ಹಬ್ಬಿತು. ಊದಿದರೆ ಹೊಗೆಯಂತೆ ಹಾರಿತು. ಹೊಲದ ಬೇರೆ ಕಡೆಯೂ ಅಂಥವು ಇದ್ದವೋ ಏನೋ, ನಾನು ನೋಡಿದವನಲ್ಲ. ಆದರೆ ಸಾವಿರಾರು ರೂಪಾಯಿಯ ಔಷಧಕ್ಕೆ ಜಗ್ಗದ ಹುಳು ಬಿಟ್ಟಿ ಬೂಷ್ಟಿಗೆ ಬಲಿಯಾಗಿತ್ತಲ್ಲ, ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಆ ಬೂಷ್ಟಿನ ಹೆಸರು ಮೆಟಾರೈಜಿಯಂ ರಿಲೈ. ಹಳಬರು ನೊಮೂರಿಯಾ ಎನ್ನುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಲದ್ದಿ ಹುಳು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಇದರ ಮೇಲೆ ಕೆಲಸ ಮಾಡಿದವರು. ಜೋಳದ ನುಚ್ಚು, ಅಕ್ಕಿ ನುಚ್ಚಿನ ಮೇಲೆ ಇದನ್ನು ಬೆಳೆಸಬಹುದು. ಮೋಡ ಕವಿದು ಗಾಳಿಯಲ್ಲಿ ತೇವ ತುಂಬಿರುವ ದಿನಗಳಲ್ಲಿ ಇದು ತಾನಾಗಿಯೇ ಹೊಲದಿಂದ ಹೊಲಕ್ಕೆ ಹಬ್ಬುತ್ತದೆ. ಪುಡಿ ತಂದು ಸಿಂಪಡಿಸುವವರು ಸಂಜೆ ಹೊತ್ತು, ಸುಳಿಯೊಳಗೇ ಬೀಳುವಂತೆ ಸಿಂಪಡಿಸಬೇಕು. ನಡುಮಧ್ಯಾಹ್ನದ ಬಿಸಿಲಿಗೆ ಅದು ತಾಳುವುದಿಲ್ಲ. ಶಿಲೀಂಧ್ರನಾಶಕ ಬೆರೆಸಿದ್ದ ಕ್ಯಾನನ್ನು ತೊಳೆಯದೆ ಇದಕ್ಕೂ ಬಳಸಿ, "ಇದೆಲ್ಲ ಸುಳ್ಳು" ಎಂದವರನ್ನು ನಾನು ಬಲ್ಲೆ. ಬೂಷ್ಟಿಗೆ ಬೂಷ್ಟಿನ ಔಷಧವನ್ನೇ ಕುಡಿಸಿದರೆ ಅದಾದರೂ ಏನು ಮಾಡೀತು?

ಇನ್ನು ಮೊಟ್ಟೆಯ ಮಾತು. ಲದ್ದಿ ಹುಳು ಬೆಳೆದು ಪತಂಗವಾಗುತ್ತದೆ. ಈ ಪತಂಗ ನೂರು, ಇನ್ನೂರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಎಲೆಯ ಮೇಲಿಟ್ಟು ತನ್ನ ಮೈಯ ನವಿರನ್ನು ಹೊದಿಸಿ ಹೋಗುತ್ತದೆ. ಆ ಗುಂಪನ್ನು ಬೆರಳಿನಿಂದ ಉಜ್ಜಿದರೆ ಮುಗಿಯಿತು. ಅದಕ್ಕಿಂತ ಅಗ್ಗದ ಔಷಧವಿಲ್ಲ. ಕೈಗೆ ಸಿಗದವುಗಳಿಗೆ ಪರತಂತ್ರ ಜೀವಿಗಳಿವೆ, ಎಂದರೆ ಪೀಡೆಯ ಒಳಗೇ ಬೆಳೆದು ಅದನ್ನು ಕೊಲ್ಲುವಂಥವು. ಟ್ರೈಕೊಗ್ರಾಮ ಎಂಬ ಕಣಜ ಒಂದು ಮಿಲಿಮೀಟರಿನಷ್ಟೂ ಇಲ್ಲ. ಅದು ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಈ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ರಟ್ಟಿಗೆ ಟ್ರೈಕೊ ಕಾರ್ಡ್ ಎನ್ನುತ್ತಾರೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆಗಳಿರುತ್ತವೆ. ಅವು ಯಾವುದರ ಮೊಟ್ಟೆ ಗೊತ್ತೇ? ಮನೆಯಲ್ಲಿ ಅಕ್ಕಿ, ಜೋಳದಲ್ಲಿ ಬಲೆ ಕಟ್ಟುವ ಅಕ್ಕಿ ಪತಂಗದ್ದು. ಅವ್ವ ಮೊರದಲ್ಲಿ ಕೇರಿ ಎಸೆಯುವ ಪೀಡೆಯನ್ನೇ ಪ್ರಯೋಗಾಲಯದಲ್ಲಿ ಸಾಕಿ, ಅದರ ಮೊಟ್ಟೆಯಲ್ಲಿ ನಮ್ಮ ಕಾವಲುಗಾರನನ್ನು ಬೆಳೆಸುತ್ತಾರೆ. ಭತ್ತದ ಕಾಂಡ ಕೊರಕಕ್ಕೆ ಎಕರೆಗೆ ಎರಡು ಕಾರ್ಡನ್ನು ತುಂಡು ಮಾಡಿ, ನೆರಳಿರುವ ಎಲೆಯ ಅಡಿಗೆ ಸಿಕ್ಕಿಸುವುದು ರೂಢಿ. ಲದ್ದಿ ಹುಳುವಿನ ಮುಂದೆ ಮಾತ್ರ ಟ್ರೈಕೊಗ್ರಾಮ ಸ್ವಲ್ಪ ಸೋಲುತ್ತದೆ. ಮೊಟ್ಟೆಗಳು ಪದರ ಪದರವಾಗಿದ್ದು ಮೇಲೆ ನವಿರಿನ ಹೊದಿಕೆ ಬೇರೆ ಇರುವುದರಿಂದ ಒಳಗಿನವು ಅದಕ್ಕೆ ಎಟುಕುವುದಿಲ್ಲ. ಟೆಲಿನೋಮಸ್ ಎಂಬ ಇನ್ನೊಂದು ಕಣಜ ಒಳಪದರಕ್ಕೂ ನುಗ್ಗುತ್ತದೆ. ಇಂಥ ಜೀವಿಗಳ ಸಾಕಣೆ, ಸಂಶೋಧನೆಗೆಂದೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ.

ಈ ಕಣಜಗಳಿಗೆ ಹೊಟ್ಟೆಗೆ ಬೇಕಾದದ್ದು ಹೂವಿನ ರಸ. ಹತ್ತೆಕರೆಗೆ ಹತ್ತೆಕರೆಯೂ ಬರೀ ಗೋವಿನಜೋಳವಾದರೆ ಅವು ಎಲ್ಲಿಗೆ ಹೋಗಬೇಕು? ಅದಕ್ಕೇ ನಾನು ನಡುನಡುವೆ ತೊಗರಿ, ಅಲಸಂದೆಯ ಸಾಲು ಬಿಡುತ್ತೇನೆ. ಸೊಪ್ಪು, ಕಾಳು ಮನೆಗೂ ಆಗುತ್ತದೆ.

ಕಷಾಯದ ಬಗ್ಗೆ ನನಗೊಂದು ತಕರಾರಿದೆ. ನಮ್ಮ ಸಾವಯವದವರಲ್ಲೇ ಕೆಲವರು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ತಂಬಾಕು ಕುದಿಸಿ ಎಂಟು ದಿನಕ್ಕೊಮ್ಮೆ, ಹುಳು ಇರಲಿ ಬಿಡಲಿ, ಹೊಡೆಯುತ್ತಾರೆ. ಅಂಗಡಿಯ ಬಾಟಲಿ ಹೋಗಿ ಮನೆಯ ಕೊಡ ಬಂತು, ಬುದ್ಧಿ ಹಳೆಯದೇ ಉಳಿಯಿತು. ಮೆಣಸಿನ ಖಾರಕ್ಕೆ ಜೇಡ ಯಾವುದು, ಹುಳು ಯಾವುದು ಎಂಬ ಭೇದವಿಲ್ಲ. ತಂಬಾಕಿನ ನಿಕೋಟಿನ್ ಅಂತೂ ಹೊಡೆಯುವವನಿಗೂ ವಿಷವೇ. ಸಗಣಿ, ಗಂಜಲ, ಬೆಲ್ಲ ಕಲಸಿ ಹುಳಿಸಿದ ಜೀವಾಮೃತ ಹೊಡೆದರೆ ಹುಳು ಸಾಯುತ್ತದೆ ಎನ್ನುವವರೂ ಇದ್ದಾರೆ. ಜೀವಾಮೃತ ಮಣ್ಣಿಗೆ, ಹುಳುವಿಗಲ್ಲ.

ಈ ತಪ್ಪಿನ ಬೆಲೆ ತಿಳಿಯಬೇಕಾದರೆ ಭತ್ತದ ಗದ್ದೆಗೆ ಬರಬೇಕು. ಗಂಗಾವತಿಯ ಕಡೆ ನಮ್ಮ ಬೀಗರೊಬ್ಬರಿದ್ದಾರೆ. ಒಂದು ವರ್ಷ ಅವರ ಗದ್ದೆ ಅಲ್ಲಲ್ಲಿ ದುಂಡಗೆ, ಯಾರೋ ಬೆಂಕಿ ಇಟ್ಟ ಹಾಗೆ ಒಣಗಿ ನಿಂತಿತ್ತು. ಕಂದು ಜಿಗಿಹುಳು. ಬುಡದಲ್ಲಿ, ನೀರಿನ ಮಟ್ಟದ ಮೇಲೆ ಗುಂಪುಗುಂಪಾಗಿ ಕೂತು ರಸ ಹೀರುತ್ತದೆ. ಬೀಗರು ಆ ಹಂಗಾಮಿನಲ್ಲಿ ಔಷಧಕ್ಕೆ ಏನೂ ಕಡಿಮೆ ಮಾಡಿರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಜಿಗಿಹುಳು ಮೊಟ್ಟೆ ಇಡುವುದು ಗರಿಯ ತೊಟ್ಟಿನ ಒಳಗೆ. ಔಷಧ ಹೊಡೆದಾಗ ಹೊರಗಿದ್ದ ಹುಳು ಸತ್ತಿತು, ಅದನ್ನು ತಿನ್ನುವ ಜೇಡ ಸತ್ತಿತು, ಮೊಟ್ಟೆ ಹೀರುವ ಹಸಿರು ತಿಗಣೆ ಸತ್ತಿತು. ಒಳಗಿದ್ದ ಮೊಟ್ಟೆ ಉಳಿಯಿತು. ವಾರ ಕಳೆದು ಮರಿಗಳು ಹೊರಗೆ ಬಂದಾಗ ಗದ್ದೆಯಲ್ಲಿ ಕೇಳುವವರಿಲ್ಲ. ಒಂದು ಬೇಟೆಗಾರ ಜೇಡ ದಿನಕ್ಕೆ ಐದಾರು ಹುಳುವನ್ನಾದರೂ ತಿನ್ನುತ್ತದೆ. ಆ ಕೂಲಿಯವರನ್ನು ನಾವೇ ಓಡಿಸಿರುತ್ತೇವೆ.

ಇಡೀ ಒಂದು ದೇಶ ಈ ಪಾಠ ಕಲಿತದ್ದುಂಟು. ಇಂಡೋನೇಷ್ಯಾದಲ್ಲಿ ಸರ್ಕಾರವೇ ಕೀಟನಾಶಕಕ್ಕೆ ಭಾರಿ ಸಬ್ಸಿಡಿ ಕೊಟ್ಟು ಹೊಡೆಸುತ್ತಿತ್ತು, ಜಿಗಿಹುಳು ಹೆಚ್ಚುತ್ತಲೇ ಇತ್ತು. 1986ರಲ್ಲಿ ಅಧ್ಯಕ್ಷ ಸುಹಾರ್ತೊ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ಆದೇಶ ಹೊರಡಿಸಿದರು. ಸಬ್ಸಿಡಿಯನ್ನೂ ಹಂತಹಂತವಾಗಿ ತೆಗೆದರು. ಭತ್ತದ ಉತ್ಪಾದನೆ ಕುಸಿಯಲಿಲ್ಲ. 1989ರಿಂದ ಅಲ್ಲಿ ರೈತರ ಹೊಲ ಶಾಲೆಗಳು ಶುರುವಾದವು. ಗದ್ದೆಯೇ ಶಾಲೆ. ವಾರಕ್ಕೊಮ್ಮೆ ರೈತರು ಬದುವಿನ ಮೇಲೆ ಕೂತು, ಎಷ್ಟು ಹುಳು, ಎಷ್ಟು ಜೇಡ ಎಂದು ಚಿತ್ರ ಬರೆದು ಲೆಕ್ಕ ಹಾಕಿ, ಹೊಡೆಯಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುತ್ತಿದ್ದರು. ಬೀಗರಿಗೆ ಇದನ್ನು ಹೇಳಿದರೆ "ನಮ್ಮಲ್ಲಿ ಅದೆಲ್ಲ ನಡೆಯುವುದಿಲ್ಲ" ಎಂದರು. ಆದರೂ ಮರುವರ್ಷ ಯೂರಿಯಾ ಕಡಿಮೆ ಮಾಡಿದರು, ನಾಟಿಯಲ್ಲಿ ಎರಡು ಮೂರು ಮೀಟರಿಗೊಂದು ಒಂದಡಿಯ ಓಣಿ ಬಿಟ್ಟರು. ಬುಡಕ್ಕೆ ಗಾಳಿ ಬೆಳಕು ಬಂದರೆ ಜಿಗಿಹುಳುವಿಗೆ ಅಲ್ಲಿ ಸುಖವಿಲ್ಲ.

ಇನ್ನು ರೊಟ್ಟಿ ಮಾಡುವ ಜೋಳದ ಬಗ್ಗೆ ಒಂದೇ ಮಾತು: ಸುಳಿ ನೊಣಕ್ಕೆ ಔಷಧವೆಂದರೆ ಹೊತ್ತಿಗೆ ಸರಿಯಾಗಿ ಬಿತ್ತುವುದು. ಮೊದಲ ಒಂದು ತಿಂಗಳು ದಾಟಿದ ಗಿಡದ ತಂಟೆಗೆ ಅದು ಬರುವುದಿಲ್ಲ. ತಡವಾಗಿ ಬಿತ್ತಿದವನ ಎಳೆ ಸಸಿಯೇ ಅದಕ್ಕೆ ಊಟ. ನಮ್ಮ ಹಿರಿಯರು ಹದ ನೋಡಿ ಬಿತ್ತುವಾಗ ಈ ಲೆಕ್ಕವೂ ಅದರೊಳಗೇ ಇತ್ತು. ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುತ್ತೇವಲ್ಲ, ಅದು ಭೂತಾಯಿಗೆ ಎಡೆ. ಅನ್ನದ ಅಗುಳು ಹುಡುಕಿ ಬರುವ ಮೈನಾಗಳು ಹುಳುವನ್ನೂ ಹೆಕ್ಕುತ್ತವೆ. ಉಳಿದ ದಿನ ಹಕ್ಕಿ ಬಂದು ಕೂರಲಿ ಎಂದು ಎಕರೆಗೆ ಹತ್ತರಂತೆ ಕವಲು ಕೋಲು ನೆಡುತ್ತೇನೆ. ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಮರೆಯದೆ ಕಿತ್ತು ಬಿಡುತ್ತೇನೆ, ಇಲ್ಲವಾದರೆ ಗಿಳಿಗಳಿಗೆ ನಾನೇ ಕುರ್ಚಿ ಹಾಕಿ ಕೊಟ್ಟಂತಾಗುತ್ತದೆ.

ಇವತ್ತು ಬೆಳಗಿನ ಲೆಕ್ಕ ಹೇಳಿ ಮುಗಿಸುತ್ತೇನೆ. ಹೊಲದ ಐದು ಕಡೆ, ಒಂದೊಂದು ಕಡೆ 20 ಗಿಡದಂತೆ 100 ಗಿಡ ನೋಡಿದೆ. ಈ ವಯಸ್ಸಿನ ಬೆಳೆಯಲ್ಲಿ ನೂರಕ್ಕೆ ಐದು ಗಿಡದವರೆಗೆ ಹಾನಿ ಇದ್ದರೆ ನಾನು ಕೈ ಕಟ್ಟಿ ಕೂರುತ್ತೇನೆ. ಎಲೆ ಒಂದಿಷ್ಟು ತೂತಾದರೂ ಗಿಡ ಚೇತರಿಸಿಕೊಳ್ಳುತ್ತದೆ. ಇವತ್ತು ಏಳು ಗಿಡದಲ್ಲಿ ಹಾನಿ ಸಿಕ್ಕಿತು. ಎರಡರ ಸುಳಿಯಲ್ಲಿ ಹಿಂಬದಿಗೆ ಇಕ್ಕಳ ಇರುವ ಕಂದು ಹುಳು ಕೂತಿತ್ತು. ಅದು ಲದ್ದಿ ಹುಳುವಿನ ಮೊಟ್ಟೆ, ಮರಿ ತಿನ್ನುವಂಥದ್ದು, ಅವೆರಡನ್ನು ಅದರ ಪಾಲಿಗೆ ಬಿಟ್ಟೆ. ಉಳಿದ ಐದಕ್ಕೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ, ಸುಳಿಗೆ ಒಂದೊಂದು ಚಿಟಿಕೆ ಹಾಕಿದೆ. ಆದರೂ ಲೆಕ್ಕ ಗೆರೆ ದಾಟಿದೆ. ಎಲೆಯ ಮೇಲೆ ಕಾಗದದಂತೆ ತೆಳ್ಳಗೆ ಕೆರೆದ ಗುರುತು ಇನ್ನೂ ಕೆಲವು ಕಡೆ ಇದೆ, ಎಂದರೆ ಹುಳು ಎಳೆಯದು. ಬೇವು ಕೆಲಸ ಮಾಡುವುದು ಈ ವಯಸ್ಸಿನಲ್ಲೇ. ಹೋದ ವರ್ಷದ ಜೂನಿನಲ್ಲಿ ಅವ್ವ ಆರಿಸಿ ನೆರಳಲ್ಲಿ ಒಣಗಿಸಿ ಇಟ್ಟಿದ್ದ ಬೇವಿನ ಬೀಜ ಹಳೆಯದಾಗಿತ್ತು, ಅದನ್ನು ಮುಟ್ಟಲಿಲ್ಲ. ಈ ವರ್ಷದ ಹೊಸ ಬೀಜದ ತಿರುಳನ್ನೇ ಐದು ಕಿಲೋ ಕುಟ್ಟಿ, ಹತ್ತು ಲೀಟರ್ ನೀರಿನಲ್ಲಿ ನೆನೆಹಾಕಿ ಬಂದಿದ್ದೇನೆ. ರಾತ್ರಿಯೆಲ್ಲ ನೆನೆದರೆ ನಾಳೆ ಹಳೆಯ ಸೀರೆಯಲ್ಲಿ ಸೋಸಿ, ಸಾಬೂನಿನ ಪುಡಿ ನೂರು ಗ್ರಾಂ ಸೇರಿಸಿ, ನೂರು ಲೀಟರ್ ಮಾಡಿ, ಬಿಸಿಲಿಳಿದ ಮೇಲೆ ಸುಳಿಗೇ ಬೀಳುವಂತೆ ಹೊಡೆಯಬೇಕು. ಸೋಸುವ ಸೀರೆ ಯಾವುದು ಎಂದು ಅವ್ವನನ್ನು ಇನ್ನೂ ಕೇಳಿಲ್ಲ. ಹೋದ ವರ್ಷ ಕೇಳದೆ ತೆಗೆದುಕೊಂಡು ಬೈಸಿಕೊಂಡಿದ್ದೆ.

ನಮಸ್ಕಾರ.