ಕೈಯಾಳು

ಎಲ್ಲರಿಗೂ ನಮಸ್ಕಾರ. ನಾನು ಹುಣಸೂರಿನ ಕಡೆಯವಳು, ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಪಕ್ಕದಲ್ಲೇ ಆಡ್ಕೊಂಡು ಬೆಳೆದವಳು. ಮದುವೆ ಆಗಿ ಗಂಡನ ಜೊತೆ ಅಮೆರಿಕದ ನಾರ್ತ್ ಕೆರೊಲೈನಾಕ್ಕೆ ಹೋದ ಹೊಸದ್ರಲ್ಲಿ ಒಂದಿನ ಸುಮ್ನೆ ಕಾರಲ್ಲಿ ಊರಾಚೆ ಸುತ್ತೋಕೆ ಹೋದ್ವಿ ನೋಡಿ, ರಸ್ತೆ ಎರಡೂ ಕಡೆ ಅದೇ ವರ್ಜೀನಿಯಾ ಸೊಪ್ಪು ಎದೆಮಟ್ಟ ನಿಂತಿದೆ, ನಂಗೆ ತವರಿಗೆ ಬಂದಂಗೇ ಆಗೋಯ್ತು. ಸೊಪ್ಪು ಅದೇ, ವಾಸನೆನೂ ಅದೇ, ಆದ್ರೆ ಸಾಲಲ್ಲಿ ಬಗ್ಗಿ ಕೆಳಗಿನ ಎಲೆ ಕೀಳ್ತಿದ್ದೋರು ಮಾತ್ರ ಮೆಕ್ಸಿಕೋದವರು. ಬಿಸಿಲು ಸುಡ್ತಿದೆ, ಇವ್ರು ನೋಡಿದ್ರೆ ಕಸದ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ತಲೆ ತೂರಿಸ್ಕೊಂಡು ಹಾಕ್ಕೊಂಡಿದಾರೆ. ನನ್ನ ಗಂಡ ಇದೇನ್ ಹುಚ್ಚು ಅಂದ್ರು. ನಂಗೊತ್ತಿತ್ತು. ಬೆಳಗಿನ ಇಬ್ಬನಿಲಿ ಎಲೆ ಒದ್ದೆ ಇರುತ್ತಲ್ಲ, ಆ ನೀರಲ್ಲಿ ನಿಕೋಟಿನ್ ಕರಗಿ ಚರ್ಮದಿಂದ ಒಳಗೆ ಇಳಿಯುತ್ತೆ, ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತು, ವಾಂತಿ, ರಾತ್ರಿ ನಿದ್ದೆ ಇಲ್ಲ. ಚೀಲ ಹಾಕ್ಕೊಂಡ್ರೆ ಸೆಕೆಗೆ ಬೇಯ್ತಾರೆ, ಬಿಟ್ರೆ ಸೊಪ್ಪು ಏರುತ್ತೆ. ಕೈ ಅಂತೂ ಸೊಪ್ಪಿನ ಅಂಟು ಹತ್ತಿ ಡಾಂಬರು ಬಳಿದಂಗೆ ಕರ್ರಗೆ.

ಈ ಜನರ ವೀಸಾ ಹೆಸರು ಎಚ್-2ಎ. ನಮ್ಮ ಸಾಫ್ಟ್‌ವೇರ್ ಹುಡುಗರದ್ದು ಎಚ್-1ಬಿ, ಅದನ್ನ ಎಲ್ಲರೂ ಕೇಳಿರ್ತೀರಿ. ಅಕ್ಷರ ಒಂದೇ ನೋಡಿ. 1986ರ ಕಾನೂನಲ್ಲಿ ಹೊಲದ ಕೆಲಸಕ್ಕೆ ಅಂತ ಬೇರೆ ಮಾಡಿದ್ದು ಈ 2ಎ, ಈಗ ವರ್ಷಕ್ಕೆ 3 ಲಕ್ಷದ ಮೇಲೆ ಕೊಡ್ತಾರೆ, ಅದ್ರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮೆಕ್ಸಿಕೋದವರಿಗೆ. ವಸತಿ ಮಾಲೀಕನೇ ಪುಕ್ಕಟೆ ಕೊಡ್ಬೇಕು, ಹೋಗಿ ಬರೋ ಖರ್ಚೂ ಅವನದ್ದೇ, ಹೇಳಿದ ಕೆಲಸದಲ್ಲಿ ಮುಕ್ಕಾಲು ಪಾಲಿಗಾದ್ರೂ ಕೂಲಿ ಕೊಡ್ಲೇಬೇಕು. ಓದೋಕೆ ಚೆನ್ನಾಗಿದೆ. ಆದ್ರೆ ವೀಸಾ ಆ ಒಬ್ಬ ಮಾಲೀಕನಿಗೇ ಕಟ್ಟಿರುತ್ತೆ, ಜಗಳ ಆಡ್ಕೊಂಡು ಬಿಟ್ರೆ ಪಕ್ಕದ ಹೊಲಕ್ಕೆ ಸುಮ್ನೆ ಹೋಗೋಂಗಿಲ್ಲ, ಅಲ್ಲಿನ ಮಾಲೀಕ ಹೊಸದಾಗಿ ಅರ್ಜಿ ಹಾಕ್ಬೇಕು, ಇಲ್ದಿದ್ರೆ ಊರಿಗೇ ಹೋಗ್ಬೇಕು. ಕೆಲಸ ಕೊಡಿಸೋಕೆ ದುಡ್ಡು ತಗೋಬಾರ್ದು ಅಂತ ಕಾನೂನಿದೆ, ಆದ್ರೂ ಮೆಕ್ಸಿಕೋದಲ್ಲಿ ದಲ್ಲಾಳಿಗಳು ಎಷ್ಟೋ ಕಡೆ ತಗೋತಾರೆ, ಸಾಲ ಮಾಡಿ ಬಂದೋನು ಎಲ್ಲಿ ಬಾಯಿ ಬಿಡ್ತಾನೆ ಹೇಳಿ.

ಇದಕ್ಕೂ ಹಿಂದೆ ಇಂಥದ್ದೇ ಇನ್ನೊಂದು ಯೋಜನೆ ಇತ್ತು. ಯುದ್ಧದ ಕಾಲ, 1942ರ ಆಗಸ್ಟಲ್ಲಿ ಅಮೆರಿಕ, ಮೆಕ್ಸಿಕೋ ಎರಡೂ ಸರ್ಕಾರ ಒಪ್ಪಂದ ಮಾಡ್ಕೊಂಡು ಶುರು ಮಾಡಿದ್ದು, 1964ರ ಕೊನೆವರೆಗೂ ನಡೀತು, ಒಟ್ಟು 46 ಲಕ್ಷದಷ್ಟು ಕರಾರುಪತ್ರ ಆದ್ವು. ಆ ಕೆಲಸಗಾರರಿಗೆ 'ಬ್ರಸೇರೊ' ಅಂತಿದ್ರು. ಸ್ಪ್ಯಾನಿಷಲ್ಲಿ ಬ್ರಾಸೊ ಅಂದ್ರೆ ತೋಳು. ನಾವು ಕೈಯಾಳು ಅಂತೀವಲ್ಲ, ಥೇಟ್ ಅದೇ. ಭರ್ತಿ ಮಾಡ್ಕೊಳೋವಾಗ ಅಂಗೈ ತಿರುಗಿಸಿ ನೋಡ್ತಿದ್ರಂತೆ, ಜಡ್ಡುಗಟ್ಟಿದ್ರೆ ರೈತನ ಮಗ, ಮೆತ್ತಗಿದ್ರೆ ಬೇಡ. ಗಡಿ ಹತ್ರ ಸಾಲಾಗಿ ನಿಲ್ಲಿಸಿ ಮೈ ಮೇಲೆ ಡಿಡಿಟಿ ಪುಡಿ ಹೊಡೀತಿದ್ರು, ದನಕ್ಕೆ ಉಣ್ಣೆ ಔಷಧಿ ಹೊಡ್ದಂಗೆ. ಕ್ಯಾಲಿಫೋರ್ನಿಯಾದಲ್ಲಿ ಕೊಟ್ಟಿದ್ದು ಮೊಳಕ್ಕಿಂತ ಚಿಕ್ಕ ಹಿಡಿಯ ಗಿಡ್ಡ ಗುದ್ದಲಿ, ದಿನವಿಡೀ ಎರಡಾಗಿ ಬಗ್ಗಿಯೇ ಇರ್ಬೇಕು, ನೆಟ್ಟಗೆ ನಿಂತ್ರೆ ಮೇಸ್ತ್ರಿಗೆ ದೂರದಿಂದ್ಲೇ ಗೊತ್ತಾಗುತ್ತೆ ಕೆಲಸ ನಿಲ್ಲಿಸಿದಾನೆ ಅಂತ! ಅದನ್ನ ನಿಷೇಧ ಮಾಡಿದ್ದು 1975ರಲ್ಲಿ, ಆ ಹೊತ್ತಿಗೆ ಎಷ್ಟ್ ಜನರ ಸೊಂಟ ಹೋಗಿತ್ತೋ. 1963ರ ಸೆಪ್ಟೆಂಬರ್ 17ಕ್ಕೆ ಚುವಲಾರ್ ಅನ್ನೋ ಊರ ಹತ್ರ, ಟ್ರಕ್ಕಿಗೆ ಬೆಂಚು ಹಾಕಿ ಬಸ್ ಮಾಡಿದ್ದ ಗಾಡಿಗೆ ಗೂಡ್ಸ್ ರೈಲು ಗುದ್ದಿ 32 ಜನ ಹೋದ್ರು. ಶುರುವಿನ ಕೆಲವು ವರ್ಷ ಈ ಬ್ರಸೇರೊಗಳ ಕೂಲಿಲಿ ನೂರಕ್ಕೆ 10 ಹಿಡ್ಕೊಂಡು ಊರಿಗೆ ಹೋದ್ಮೇಲೆ ಕೊಡ್ತೀವಿ ಅಂದಿದ್ರು, ತುಂಬಾ ಜನರ ಕೈಗೆ ಅದು ಸೇರಲೇ ಇಲ್ಲ. 2005ರಲ್ಲಿ ಮೆಕ್ಸಿಕೋ ಸರ್ಕಾರ ಒಂದು ನಿಧಿ ಮಾಡಿ ತಲಾ 38,000 ಪೆಸೋ ಅಂತು, ಅದಕ್ಕೂ ಹಳೇ ಕಾಗದ ತೋರಿಸ್ಬೇಕು, ಅರವತ್ತು ವರ್ಷದ ಕಾಗದ ಯಾರ್ ಮನೇಲಿ ಇಲಿ ಬಿಟ್ಟಿರುತ್ತೆ?

ಈಗ ಸಂಸಾರದ ವಿಷಯಕ್ಕೆ ಬರ್ತೀನಿ, ನಾನು ಈ ಮಾತು ಎತ್ತಿದ್ದೇ ಅದಕ್ಕೆ. ನಾನು ಹೋಗಿದ್ದು ಎಚ್-4ರಲ್ಲಿ, ಅಂದ್ರೆ ಹೆಂಡತಿ ವೀಸಾ. ಆ ಹೊಗೆಸೊಪ್ಪು ಕೀಳೋನ ಹೆಂಡತಿಗೂ ಕಾಗದದ ಪ್ರಕಾರ ಸಿಗಬೇಕಾದ್ದು ಅದೇ ಎಚ್-4, ನನ್ನ ಪಾಸ್‌ಪೋರ್ಟಲ್ಲಿ ಅಂಟಿಸಿದ್ದೇ. ಆದ್ರೆ ಮಾಲೀಕ ಕೊಡೋ ಜಾಗ ಅವನೊಬ್ಬನಿಗೆ, ಸಾಲು ಮಂಚದ ಕೋಣೆ. ಅವಳು ಬಂದ್ರೂ ದುಡಿಯೋಂಗಿಲ್ಲ, ಎಲ್ಲಿ ಮಲಗ್ತಾಳೆ, ಮಕ್ಕಳಿಗೇನ್ ತಿನ್ನಿಸ್ತಾಳೆ? ಹಂಗಾಗಿ ಬರೋರೇ ಇಲ್ಲ ಅನ್ನಿ. ಏಪ್ರಿಲಲ್ಲಿ ಬಂದೋನು ನವೆಂಬರಲ್ಲಿ ಹೋಗ್ತಾನೆ, ಮುಂದಿನ ವರ್ಷ ಕರೀತಾರೋ ಇಲ್ವೋ ಅನ್ನೋದು ಮಾಲೀಕನ ಕೈಲಿ. ಕೆನಡಾದವರು ಇನ್ನೂ ಜಾಣರು. ಅಲ್ಲಿ 1974ರಿಂದ ಮೆಕ್ಸಿಕೋದವರನ್ನ ಕರೀತಾರೆ, ವರ್ಷಕ್ಕೆ ಹೆಚ್ಚಂದ್ರೆ 8 ತಿಂಗಳು, ಆರಿಸೋವಾಗ ಮದುವೆ ಆಗಿ ಮಕ್ಕಳಿರೋರಿಗೇ ಮೊದಲು. ಹೆಂಡ್ತಿ ಮಕ್ಕಳು ಊರಲ್ಲಿದ್ರೆ ವಾಪಸ್ ಹೋಗೇ ಹೋಗ್ತಾನಲ್ಲ. ಸಂಸಾರನೇ ಜಾಮೀನು.

ಭಾನುವಾರ ಮಧ್ಯಾಹ್ನ ಹಳೇ ಸ್ಕೂಲ್ ಬಸ್ಸಲ್ಲಿ ಅವರನ್ನ ಪೇಟೆಗೆ ಕರ್ಕೊಂಡು ಬರ್ತಿದ್ರು. ವಾರದ ರೇಷನ್ನು, ಊರಿಗೆ ದುಡ್ಡು ಕಳಿಸೋದು, ಎಲ್ಲಾ ಆ ಎರಡು ಗಂಟೇಲೇ. ಒಂದ್ಸಲ ಅಕ್ಟೋಬರಲ್ಲಿ ಚಪ್ಪಲಿ ಸಾಲಲ್ಲಿ ನಲವತ್ತರ ಆಸುಪಾಸಿನ ಒಬ್ರು ನಿಂತಿದ್ರು, ಕೈಲೊಂದು ದಾರ. ನಮ್ಮಜ್ಜಿ ಸಂತೆಗೆ ಹೋಗೋವಾಗ ನನ್ನ ಪಾದಕ್ಕೆ ಹಂಚಿಕಡ್ಡಿ ಇಟ್ಟು ಮುರ್ಕೊಂಡು ಹೋಗ್ತಿದ್ರು, ಅದೇ ಲೆಕ್ಕ. ದಾರನ ಶೂ ಒಳಗೆ ಇಟ್ಟು ನೋಡಿದ್ರು, ಸರಿಯಾಗಿತ್ತು. ಆದ್ರೂ ವಾಪಸ್ ಇಟ್ರು. ನಾನು ನೋಡ್ತಿರೋದು ಕಂಡು ಸ್ವಲ್ಪ ನಕ್ಕು, ಮೊದ್ಲು ಕೈಯನ್ನ ಸೊಂಟದ ಹತ್ರ ಹಿಡಿದು 'ಅಬ್ರಿಲ್' ಅಂದ್ರು, ಅಂದ್ರೆ ಏಪ್ರಿಲ್, ಆಮೇಲೆ ಕೈ ಮೇಲೆತ್ತಿ, ಎಲ್ಲಿವರೆಗೆ ಎತ್ತೋದು ಅಂತ ಅವರಿಗೇ ಗೊತ್ತಾಗ್ದೆ, ಅಲ್ಲೇ ಗಾಳಿಲಿ ಹಿಡ್ಕೊಂಡಿದ್ರು. ಬೆರಳ ಸಂದೀಲಿ ಸೊಪ್ಪಿನ ಕರೆ ಹಂಗೇ ಇತ್ತು. ಕೊನೆಗೆ ಎರಡು ಸೈಜ್ ದೊಡ್ಡದು ತಗೊಂಡು ಹೊರಟ್ರು, ಬಸ್ ಹಾರ್ನ್ ಹೊಡೀತಿತ್ತು.